ತೋಡಿನ ಕಲ್ಲಿನ ಪಾಚಿಯನ್ನು ಉಜ್ಜಿ ತೆಗೆಯಬೇಕೆ?

ಪ್ರಶ್ನೆ: ನಾಪೋಕ್ಲು ಬಳಿಯ ನಮ್ಮ ಕಾಫಿ ತೋಟದ ಅಂಚಿನಲ್ಲಿ ಹರಿಯುವ ತೋಡು ಮುಂದೆ ಕಾವೇರಿಯನ್ನು ಸೇರುತ್ತದೆ. ಮಳೆಗಾಲ ಮುಗಿದ ಮೇಲೆ ಅದರ ಕಲ್ಲುಗಳ ಮೇಲೆ ಕಂದು ಬಣ್ಣದ ಜಾರುವ ಪೊರೆ ಕಟ್ಟುತ್ತದೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬಿಸಿಲು ಬೀಳುವ ಕಡೆ ಕೂದಲಿನಂಥ ಹಸಿರು ಪಾಚಿ ಹಬ್ಬುತ್ತದೆ. ಮೇಲ್ಭಾಗದ ಒರತೆಯಲ್ಲಿ ತುಕ್ಕಿನ ಬಣ್ಣದ ಲೋಳೆಯೂ ಅದರ ಮೇಲೆ ಎಣ್ಣೆಯಂಥ ಪದರವೂ ಕಾಣುತ್ತವೆ. ಬ್ಲೀಚಿಂಗ್ ಪೌಡರ್ ಅಥವಾ ಮೈಲುತುತ್ತ ಹಾಕಿ ಎಲ್ಲವನ್ನೂ ಒಮ್ಮೆ ತೊಳೆದುಬಿಡಬೇಕೆಂದು ಮನೆಯಲ್ಲಿ ಕೆಲವರು ಹೇಳುತ್ತಾರೆ. ನೀರು ಶುದ್ಧಮಾಡುವ ಸೂಕ್ಷ್ಮಜೀವಿಗಳ ಪುಡಿ ಸಿಗುತ್ತದೆ, ಅದನ್ನು ಸುರಿಯಿರಿ ಎಂದು ಅಂಗಡಿಯವರು ಹೇಳುತ್ತಾರೆ. ತಳದಲ್ಲಿ ಬೆಳೆಯುವ ಈ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ನೀರಿಗೆ ನಿಜವಾಗಿ ಏನು ಉಪಯೋಗ? ತೋಟದ ಕೆರೆಯ ಹೂಳನ್ನೂ ಈ ಬೇಸಿಗೆಯಲ್ಲಿ ಪೂರ್ತಿ ತೆಗೆಸಬೇಕೆಂದಿದ್ದೇವೆ, ಅದು ಸರಿಯೆ?

ಉತ್ತರ: ಬ್ಲೀಚಿಂಗ್ ಪೌಡರ್ ಬೇಡ, ಮೈಲುತುತ್ತವಂತೂ (ಅಂದರೆ ತಾಮ್ರದ ಸಲ್ಫೇಟ್) ಖಂಡಿತ ಬೇಡ. ನೀವು ಬರೆದಿರುವ ಮೂರೂ ಒಂದೇ ಬಗೆಯವಲ್ಲ. ಕಲ್ಲಿನ ಮೇಲಿನ ತೆಳುವಾದ ಕಂದು ಪೊರೆ ಒಳ್ಳೆಯ ತೋಡಿನಲ್ಲಿ ಇರಲೇಬೇಕಾದದ್ದು. ಒರತೆಯ ತುಕ್ಕುಬಣ್ಣದ ಲೋಳೆ ನೋಡಲು ಹೇಸಿಗೆ ಅನ್ನಿಸಿದರೂ ನಿರುಪದ್ರವಿ. ಹಸಿರು ಕೂದಲಿನ ಪಾಚಿ ಅಲ್ಲಲ್ಲಿ ಸ್ವಲ್ಪ ಇದ್ದರೆ ಚಿಂತೆಯಿಲ್ಲ, ತಳವನ್ನೆಲ್ಲ ಮುಚ್ಚಿದರೆ ಮಾತ್ರ ಯೋಚಿಸಬೇಕು. ಆಗಲೂ ಅದನ್ನು ಕೊಲ್ಲುವುದು ಹೇಗೆಂದು ಕೇಳುವ ಮೊದಲು ಅದಕ್ಕೆ ಉಣಿಸುತ್ತಿರುವುದು ಏನೆಂದು ಕೇಳಬೇಕು. ತೋಡಿನ ತಳದ ಜೀವಿಗಳ ಬಗ್ಗೆ ನಾನು ಹೇಳಬೇಕಾದದ್ದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಕಂದು ಪೊರೆಯ ವಿಷಯ. ಅಂಗೈಯಗಲದ ಒಂದು ಕಲ್ಲನ್ನು ಎತ್ತಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿಳಿ ತಟ್ಟೆಯೊಳಗೆ ಉಜ್ಜಿದರೆ ಚಹಾ ಬಣ್ಣದ ನೀರು ಇಳಿಯುತ್ತದೆ. ಅದರ ಒಂದು ಹನಿಯನ್ನು ಶಾಲೆಯ ಪ್ರಯೋಗಾಲಯದ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೂ ದೋಣಿಯಂತೆ, ಕಡ್ಡಿಯಂತೆ, ಬಿಲ್ಲಿನಂತೆ ಇರುವ ಹೊಂಬಣ್ಣದ ಕೋಶಗಳು ಕಾಣುತ್ತವೆ. ಕೆಲವು ಮೆಲ್ಲಗೆ ಜಾರಿಕೊಂಡು ಮುಂದೆ ಸರಿಯುತ್ತಲೂ ಇರುತ್ತವೆ. ಇವು ಡಯಾಟಮ್‌ಗಳು. ಸಿಲಿಕಾದಿಂದ, ಅಂದರೆ ಗಾಜಿಗೆ ಮೂಲವಾದ ವಸ್ತುವಿನಿಂದ, ತಮ್ಮ ಹೊರಕವಚವನ್ನು ಕಟ್ಟಿಕೊಳ್ಳುವ ಏಕಕೋಶ ಪಾಚಿಗಳು. ಇವುಗಳಲ್ಲಿ ಪತ್ರಹರಿತ್ತಿನ ಜೊತೆಗೆ ಫ್ಯೂಕೋಝ್ಯಾಂತಿನ್ ಎಂಬ ಕಂದು ವರ್ಣಕವೂ ಇರುವುದರಿಂದ ಪೊರೆ ಹಸಿರಾಗಿ ಕಾಣದೆ ಕಂದಾಗಿ ಕಾಣುತ್ತದೆ. ಆ ಬಣ್ಣವನ್ನು ಕೊಳೆಯೆಂದು ಭಾವಿಸುವುದು ಸಹಜವಾದರೂ ಸರಿಯಲ್ಲ.

ಮಳೆಗಾಲದ ಪ್ರವಾಹ ಕಲ್ಲುಗಳನ್ನು ಉರುಳಿಸಿ ಉಜ್ಜಿ ಬರಿದುಮಾಡಿದ ಮೇಲೆ ಈ ಪೊರೆ ಮತ್ತೆ ಕಟ್ಟುವುದಕ್ಕೆ ಒಂದು ಕ್ರಮವಿದೆ. ಮೊದಲು ಬ್ಯಾಕ್ಟೀರಿಯಾಗಳು ಬಂದು ನೆಲೆಸಿ ಅಂಟಾದ ಲೋಳೆಯನ್ನು ಒಸರುತ್ತವೆ. ಅದರ ಮೇಲೆ ಕಲ್ಲಿಗೆ ಮೈಯೊತ್ತಿಕೊಂಡು ಮಲಗುವ ಅಕ್ನಾಂತಿಡಿಯಮ್, ಕೊಕೋನೀಸ್ ಜಾತಿಯ ಡಯಾಟಮ್‌ಗಳು ಹಿಡಿದುಕೊಳ್ಳುತ್ತವೆ. ಆಮೇಲೆ ಲೋಳೆಯ ತೊಟ್ಟಿನ ಮೇಲೆ ನಿಂತು ಬೆಳಕಿಗೆ ಚಾಚುವ ಗೊಂಫೊನೀಮಾದಂಥವು ಬರುತ್ತವೆ, ಕೊನೆಗೆ ಎಳೆಎಳೆಯಾದ ಪಾಚಿಗಳು. ನಡುವೆ ಶಿಲೀಂಧ್ರಗಳು, ಏಕಕೋಶ ಪ್ರಾಣಿಗಳು, ನೀಲಿಹಸಿರು ಪಾಚಿಗಳು ಸೇರಿಕೊಳ್ಳುತ್ತವೆ. ವಿಜ್ಞಾನದಲ್ಲಿ ಇದನ್ನು ಬಯೋಫಿಲ್ಮ್ ಎನ್ನುತ್ತೇವೆ. ಕನ್ನಡದಲ್ಲಿ ಜೀವಪೊರೆ ಎಂದು ಕರೆಯೋಣ. ಹಗಲಿನಲ್ಲಿ ಪಾಚಿ ತಯಾರಿಸುವ ಸಕ್ಕರೆಯ ಒಂದು ಪಾಲು ಸೋರಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಬ್ಯಾಕ್ಟೀರಿಯಾಗಳು ಕೊಳೆತದ್ದನ್ನು ಒಡೆದು ಬಿಡುವ ಸಾರಜನಕ, ರಂಜಕ, ಇಂಗಾಲದ ಡೈಆಕ್ಸೈಡ್‌ಗಳು ಪಾಚಿಗೆ ಗೊಬ್ಬರವಾಗುತ್ತವೆ. ಮಿಲಿಮೀಟರಿಗಿಂತ ತೆಳುವಾದ ಪದರದೊಳಗೆ ಈ ಕೊಡುಕೊಳ್ಳುವಿಕೆ ಎಡೆಬಿಡದೆ ನಡೆದಿರುತ್ತದೆ.

ಈ ಪೊರೆಯನ್ನು ತಿಂದು ಬದುಕುವವರು ಯಾರೆಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಅದೇ ಕಲ್ಲನ್ನು ಮಗುಚಿ ಒಂದು ಗಳಿಗೆ ಕಾಯಿರಿ. ಚಪ್ಪಟೆ ಮೈ, ಬದಿಗೆ ಚಾಚಿದ ಕಾಲು, ಬಾಲದ ತುದಿಯಲ್ಲಿ ಎರಡು ಮೂರು ಎಳೆಗಳಿರುವ ಮೇಫ್ಲೈ ಮರಿಗಳು ಬೆಳಕಿಗೆ ಹೆದರಿ ಸರಸರನೆ ಓಡುತ್ತವೆ. ಮರಳಿನ ಕಣಗಳನ್ನು ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳುಗಳು, ನಾಣ್ಯದಂತೆ ಕಲ್ಲಿಗಂಟಿದ ಜೀರುಂಡೆ ಮರಿಗಳು, ಬಸವನಹುಳುಗಳು ಕಾಣುತ್ತವೆ. ಗಾರ್ರಾ ಜಾತಿಯ ಮೀನುಗಳು ಕೆಳಮುಖವಾದ ಬಾಯಿಂದ ಕಲ್ಲನ್ನೇ ಹೆರೆದು ತಿನ್ನುತ್ತವೆ. ಪಶ್ಚಿಮಘಟ್ಟಕ್ಕೆ ಮಾತ್ರ ಸೇರಿದ ಇಂಡಿರಾನ ಎಂಬ ಕಪ್ಪೆಗಳ ಗೊದಮೊಟ್ಟೆಗಳು ಹರಿಯುವ ನೀರಿನೊಳಗೂ ಇರದೆ, ನೀರು ಜಿನುಗುವ ಬಂಡೆಯ ಮೇಲೆ ಅಂಟಿಕೊಂಡು ಅಲ್ಲಿನ ಪೊರೆಯನ್ನು ಕೆರೆದು ತಿಂದೇ ಬೆಳೆಯುತ್ತವೆ. ಹುಲ್ಲುಗಾವಲಿಲ್ಲದ ಊರಿನಲ್ಲಿ ದನ ಬದುಕದ ಹಾಗೆ, ಈ ಪೊರೆಯಿಲ್ಲದ ತೋಡಿನಲ್ಲಿ ಇವೊಂದೂ ಬದುಕಲಾರವು. ಇವುಗಳನ್ನು ನಂಬಿದ ಏಡಿ, ಮೀನು, ಮಿಂಚುಳ್ಳಿ, ನೀರುನಾಯಿಗಳೂ ಉಳಿಯಲಾರವು.

ಕೊಡಗಿನ ತೋಡುಗಳಿಗೆ ಇನ್ನೊಂದು ವಿಶೇಷವಿದೆ. ದೇವರಕಾಡಿನ ಒಳಗಿಂದಲೋ ದಟ್ಟ ಮರನೆರಳಿನ ತೋಟದಿಂದಲೋ ಹೊರಡುವ ಚಿಕ್ಕ ತೋಡಿಗೆ ಬಿಸಿಲು ಬೀಳುವುದು ಕಡಿಮೆ, ಎಲೆ ಬೀಳುವುದು ಹೆಚ್ಚು. ಅಲ್ಲಿ ಆಹಾರದ ಬಹುಪಾಲು ಬರುವುದು ಪಾಚಿಯಿಂದಲ್ಲ, ಉದುರಿದ ಎಲೆಯಿಂದ. ಹೊಳೆ ಅಗಲವಾಗಿ ಆಕಾಶ ತೆರೆದುಕೊಂಡಂತೆಲ್ಲ ತಳದ ಪಾಚಿಯ ಪಾಲು ಏರುತ್ತದೆ. ಇನ್ನೂ ದೊಡ್ಡದಾಗಿ ನೀರು ಆಳವೂ ಕದಡೂ ಆದಾಗ ಮತ್ತೆ ಇಳಿಯುತ್ತದೆ. ಮೂಲದಿಂದ ಬಯಲಿನವರೆಗೆ ನದಿಯನ್ನು ಹೀಗೆ ಒಂದೇ ಸರಣಿಯಾಗಿ ನೋಡಬೇಕೆಂಬ ವಿಚಾರವನ್ನು 1980ರಲ್ಲಿ ಅಮೆರಿಕದ ರಾಬಿನ್ ವ್ಯಾನೋಟ್ ಮತ್ತು ಸಂಗಡಿಗರು ಮಂಡಿಸಿದರು. ಎಲ್ಲ ನದಿಗಳಿಗೂ ಅದು ಅಕ್ಷರಶಃ ಹೊಂದುವುದಿಲ್ಲವಾದರೂ, ಬ್ರಹ್ಮಗಿರಿಯ ತಪ್ಪಲಿನಿಂದ ಕುಶಾಲನಗರದವರೆಗಿನ ಕಾವೇರಿಯನ್ನು ಅರ್ಥಮಾಡಿಕೊಳ್ಳಲು ಅದು ಒಳ್ಳೆಯ ದಾರಿ.

ನೀರಿಗೆ ಬಿದ್ದ ಎಲೆಯನ್ನು ಹುಳುಗಳು ನೇರವಾಗಿ ತಿನ್ನುವುದು ಕಡಿಮೆ. ಮೊದಲು ಒಂದು ಬಗೆಯ ಶಿಲೀಂಧ್ರಗಳು ಎಲೆಯೊಳಗೆ ಹೊಕ್ಕು ಅದನ್ನು ಮೆದುಮಾಡಿ, ತಮ್ಮ ಮೈಯ ಪ್ರೋಟೀನನ್ನು ಅದಕ್ಕೆ ಸೇರಿಸಬೇಕು. ಆಮೇಲೆಯೇ ಹುಳುಗಳಿಗೆ ಅದು ಊಟ. ಈ ಜಲಶಿಲೀಂಧ್ರಗಳನ್ನು ಇಂಗ್ಲೆಂಡಿನ ಸಿ. ಟಿ. ಇಂಗೋಲ್ಡ್ 1942ರಲ್ಲಿ ಮೊದಲ ಬಾರಿಗೆ ವಿವರವಾಗಿ ಪರಿಚಯಿಸಿದರು. ನಮ್ಮ ಕಡೆ ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಕೆ. ಎಂ. ಕಾವೇರಪ್ಪ ಅವರು ಪಶ್ಚಿಮಘಟ್ಟದ ತೊರೆಗಳಲ್ಲಿ ಇವುಗಳನ್ನು ವರ್ಷಗಟ್ಟಲೆ ಹುಡುಕಿ ಅಭ್ಯಸಿಸಿದ್ದಾರೆ. ಇವುಗಳ ಬೀಜಕಣಗಳಲ್ಲಿ ಹಲವು ನಾಲ್ಕು ಕಡೆಗೆ ತೋಳು ಚಾಚಿದ ಆಕಾರದವು; ಹರಿಯುವ ನೀರಿನಲ್ಲಿ ಯಾವ ದಿಕ್ಕಿನಿಂದ ತಾಗಿದರೂ ಎಲೆಗೆ ಸಿಕ್ಕಿಕೊಳ್ಳಲು ಅದು ಅನುಕೂಲ. ಚಿಕ್ಕ ಜಲಪಾತದ ಕೆಳಗೆ ಕಲ್ಲಿನ ಸಂದಿಯಲ್ಲಿ ನಿಲ್ಲುವ ನೊರೆಯಲ್ಲಿ ಇವು ರಾಶಿಯಾಗಿ ಸಿಕ್ಕಿಬೀಳುತ್ತವೆ. ಮಲೆನಾಡಿನ ಶುದ್ಧ ತೋಡಿನಲ್ಲಿ ಕಾಣುವ ನೊರೆಯೆಲ್ಲ ಸಾಬೂನಿನದೆಂದು ಗಾಬರಿಯಾಗಬೇಕಿಲ್ಲ. ಕೊಳೆಯುವ ಎಲೆಯಿಂದ ಬಂದ ನೊರೆಯೂ ಇರುತ್ತದೆ. ಇದೇ ಕಾರಣಕ್ಕೆ ತೋಡಿನ ದಂಡೆಯಲ್ಲಿ ಅತ್ತಿ, ನೇರಳೆ, ಹೊಂಗೆಯಂಥ ಊರಿನ ಮರಗಳನ್ನು ಉಳಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಸಿಲ್ವರ್ ಓಕ್‌ನ ಒರಟು ಎಲೆ ಕೊಳೆಯಲು ಬಹಳ ಕಾಲ ಹಿಡಿಯುತ್ತದೆ. ಬರೀ ಅದೇ ಬಿದ್ದ ತೋಡಿನಲ್ಲಿ ಎಲೆ ಗುಡ್ಡೆಯಾಗಿ ಬಿದ್ದಿರುತ್ತದೆ, ತಿನ್ನುವವರು ಕಡಿಮೆ.

ಇನ್ನು, ಇವು ನೀರನ್ನು ಶುದ್ಧಮಾಡುತ್ತವೆಯೆ ಎಂಬ ನಿಮ್ಮ ಪ್ರಶ್ನೆ. ಮಾಡುತ್ತವೆ, ಒಂದು ಮಿತಿಯೊಳಗೆ. ತೋಟಕ್ಕೆ ಹಾಕಿದ ಯೂರಿಯಾದ ಒಂದು ಪಾಲು ಮಳೆಯಲ್ಲಿ ಕರಗಿ ತೋಡಿಗೆ ಬರುತ್ತದೆ. ಜೀವಪೊರೆಯ ಕೆಲವು ಬ್ಯಾಕ್ಟೀರಿಯಾಗಳು ಅದರ ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ, ಪಾಚಿಗಳು ಎರಡನ್ನೂ ಹೀರುತ್ತವೆ, ತಳದ ಕೆಸರಿನಲ್ಲಿ ಆಮ್ಲಜನಕ ತಲುಪದ ಕಡೆ ಇರುವ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕದ ಅನಿಲವಾಗಿ ಗಾಳಿಗೆ ಬಿಟ್ಟುಬಿಡುತ್ತವೆ. ಅಲಾಸ್ಕಾದಿಂದ ಪೋರ್ಟೊರಿಕೊವರೆಗಿನ 12 ಚಿಕ್ಕ ತೊರೆಗಳಲ್ಲಿ ಗುರುತು ಹಚ್ಚಿದ ಸಾರಜನಕವನ್ನು ಬಿಟ್ಟು ಹಿಂಬಾಲಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಜೀವಚಟುವಟಿಕೆ ಜೋರಾಗಿರುವ ಋತುವಿನಲ್ಲಿ, ತೊರೆಗೆ ಬಂದ ಕರಗಿದ ಸಾರಜನಕದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಕೆಳಗೆ ಹರಿದುಹೋಗುತ್ತದೆ ಎಂಬುದು ಅದರ ತಿರುಳು. ಅದರಲ್ಲೂ ಅತಿ ಚಿಕ್ಕ ತೊರೆಗಳೇ ಹೆಚ್ಚು ಕೆಲಸ ಮಾಡಿದವು, ಏಕೆಂದರೆ ನೀರು ತೆಳುವಾಗಿದ್ದಷ್ಟೂ ಪ್ರತಿ ಲೀಟರ್ ನೀರಿಗೆ ತಾಗುವ ತಳದ ಹರವು ಹೆಚ್ಚು. ನಕ್ಷೆಯಲ್ಲಿ ಗೆರೆಯಾಗಿಯೂ ಕಾಣದ ನಿಮ್ಮಂಥವರ ತೋಡುಗಳು ಕಾವೇರಿಗೆ ಮಾಡುವ ಉಪಕಾರ ಇದು.

ಗದ್ದೆಯ ನೀರಿನಲ್ಲಿ ನಡೆಯುವುದು ಇದರ ತಿರುಗುಮುರುಗು. ಅಲ್ಲಿನ ಅನಬೀನ, ನಾಸ್ಟಾಕ್‌ನಂಥ ನೀಲಿಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಭತ್ತದ ಗದ್ದೆ ವರ್ಷ ವರ್ಷವೂ ಬೆಳೆ ಕೊಡುವುದರ ಹಿಂದೆ ಇವುಗಳ ಕೈಯಿದೆ ಎಂದು ವಿಜ್ಞಾನಿ ಪಿ. ಕೆ. ಡೇ 1939ರಲ್ಲೇ ತೋರಿಸಿಕೊಟ್ಟಿದ್ದರು.

ಸೂಕ್ಷ್ಮಜೀವಿಗಳ ಪೊರೆ ಕುಡಿಯುವ ನೀರನ್ನೂ ಕಾಯಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲಿ ಸ್ಪಷ್ಟವಾದ ಸಾಕ್ಷಿಯಿದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದು, ಕಾಲರಾದಿಂದ 8,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ, ಹ್ಯಾಂಬರ್ಗಿನ ಕೊಳೆ ಸೇರಿದ ಮೇಲಿನ ನೀರನ್ನು ಎತ್ತಿಯೂ, ಅದನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಕುಡಿಯುತ್ತಿದ್ದುದರಿಂದ ಬಹುಮಟ್ಟಿಗೆ ಪಾರಾಯಿತು. ಆ ಮರಳಿನ ಮೇಲ್ಪದರದಲ್ಲಿ ಕಟ್ಟಿದ ಜೀವಪೊರೆಯೇ ರೋಗಾಣುಗಳನ್ನು ತಡೆದು ತಿಂದುಹಾಕಿತ್ತು. ಹೊಳೆಯ ತಳದ ಮರಳು ಮತ್ತು ಜಲ್ಲಿಯೂ ಇದೇ ಕೆಲಸವನ್ನು ಮಾಡುತ್ತವೆ. ನೀರು ಮೇಲೆ ಮಾತ್ರ ಹರಿಯದೆ ಜಲ್ಲಿಯೊಳಗೂ ಇಳಿದು, ಒಂದೊಂದು ಕಣದ ಸುತ್ತ ಇರುವ ಪೊರೆಗೆ ತಾಗಿ, ಮುಂದೆಲ್ಲೋ ಮೇಲೇಳುತ್ತದೆ. ಮರಳು ತೆಗೆದ ಹೊಳೆ ಕಳೆದುಕೊಳ್ಳುವುದು ಮರಳನ್ನಷ್ಟೇ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಾಗೆಂದು ತೋಡಿನ ನೀರನ್ನು ಹಾಗೆಯೇ ಕುಡಿಯಬಹುದು ಎಂದು ತಿಳಿಯಬೇಡಿ. ಮೇಲ್ಗಡೆ ಮನೆ, ಕಾರ್ಮಿಕರ ಲೈನ್‌ಮನೆ, ಕೊಟ್ಟಿಗೆ ಏನಿದ್ದರೂ ನೀರನ್ನು ಕುದಿಸಿಯೇ ಕುಡಿಯಬೇಕು.

ಮಿತಿ ಎಂದೆನಲ್ಲ, ಕೊಡಗಿನಲ್ಲಿ ಅದು ಮೀರುವುದು ಹೆಚ್ಚಾಗಿ ಪಲ್ಪಿಂಗ್ ಕಾಲದಲ್ಲಿ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರಿನಲ್ಲಿ ಸಕ್ಕರೆಯೂ ಪೆಕ್ಟಿನ್ ಲೋಳೆಯೂ ತುಂಬಿರುತ್ತವೆ, ಅದು ಹುಳಿಯಾಗಿಯೂ ಇರುತ್ತದೆ. ನೀರಿನಲ್ಲಿರುವ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆಗೆ ಬಿಒಡಿ ಎನ್ನುತ್ತಾರೆ. ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಸಂಸ್ಕರಿಸದ ಪಲ್ಪಿಂಗ್ ನೀರಿನಲ್ಲಿ ಅದು ಹಲವು ಸಾವಿರ ಮಿಲಿಗ್ರಾಂ. ತೋಡಿನಲ್ಲಿ ನೀರು ಇಳಿದಿರುವ ಹೊತ್ತಿನಲ್ಲೇ ಇದು ಬಂದು ಸೇರಿದರೆ, ತಳದ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುವ ಭರದಲ್ಲಿ ನೀರಿನ ಆಮ್ಲಜನಕವನ್ನೆಲ್ಲ ಖಾಲಿಮಾಡುತ್ತವೆ. ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ಮೇಫ್ಲೈ ಮರಿಗಳು ಸಾಯುತ್ತವೆ, ಕಂದು ಪೊರೆಯ ಜಾಗದಲ್ಲಿ ನೆನೆದ ಹತ್ತಿಯಂಥ ಬೂದು ಬಿಳುಪಿನ ಎಳೆಗಳು ನೀರಿನೊಳಗೆ ತೂಗಾಡುತ್ತವೆ. ಇದಕ್ಕೆ ಕೊಳಚೆ ಶಿಲೀಂಧ್ರ ಎಂಬ ಹೆಸರಿದ್ದರೂ ಇದರಲ್ಲಿ ಮುಖ್ಯವಾಗಿರುವುದು ಸ್ಫೀರೋಟಿಲಸ್ ಎಂಬ ಬ್ಯಾಕ್ಟೀರಿಯಾ. ಜನವರಿಯಲ್ಲಿ ನಿಮ್ಮ ತೋಡಿನಲ್ಲಿ ಇದು ಕಂಡರೆ ಮೇಲ್ಗಡೆ ಎಲ್ಲೋ ಪಲ್ಪರ್ ನೀರೋ ಚರಂಡಿ ನೀರೋ ಸೇರುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ದಂಡೆಯ ಮೇಲೆ ನಡೆದುಕೊಂಡು ಮೇಲಕ್ಕೆ ಹೋಗಿ. ಎಳೆಗಳು ಎಲ್ಲಿ ನಿಲ್ಲುತ್ತವೆಯೋ ಅಲ್ಲಿಯೇ ಅಥವಾ ಅದರ ತುಸು ಮೇಲೆ ನೀರು ಸೇರುವ ಜಾಗ ಇರುತ್ತದೆ.

ಹಸಿರು ಕೂದಲಿನ ಪಾಚಿಗೆ, ಅಂದರೆ ಸ್ಪೈರೋಗೈರಾ, ಕ್ಲಾಡೋಫೋರಾ, ಈಡೋಗೋನಿಯಂ ಮುಂತಾದವಕ್ಕೆ, ಬೇಕಾದದ್ದು ಬಿಸಿಲು, ಗೊಬ್ಬರದ ಅಂಶ ಮತ್ತು ನಿಧಾನವಾದ ನೀರು. ಫೆಬ್ರುವರಿ, ಮಾರ್ಚಿನಲ್ಲಿ ರೊಬಸ್ಟಾಕ್ಕೆ ಹೂ ಬರಿಸಲು ಎಲ್ಲರೂ ತೋಡಿಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತೇವೆ. ಅದೇ ಹೊತ್ತಿಗೆ ಮರಗಸಿ ಮಾಡಿ, ಅಂದರೆ ಮರಗಳ ಕೊಂಬೆ ಸವರಿ, ದಂಡೆಯ ನೆರಳನ್ನೂ ತೆಗೆದಿದ್ದರೆ ಮೂರೂ ಒಟ್ಟಿಗೆ ಕೂಡಿಬರುತ್ತವೆ. ತಿನ್ನುವ ಹುಳು, ಮೀನುಗಳು ಕಡಿಮೆಯಾದಷ್ಟೂ ಅದು ಇನ್ನೂ ದಟ್ಟವಾಗುತ್ತದೆ. ಹಗಲಿನಲ್ಲಿ ಅದರ ಎಳೆಗಳ ನಡುವೆ ಆಮ್ಲಜನಕದ ಗುಳ್ಳೆಗಳು ಹೊಳೆಯುತ್ತವೆ, ರಾತ್ರಿ ಅದೇ ಪಾಚಿ ಉಸಿರಾಡಿ ಆಮ್ಲಜನಕವನ್ನು ಹಿಂದಕ್ಕೆ ಪಡೆಯುತ್ತದೆ. ಹಾಗಾಗಿ ಅತಿಯಾಗಿ ಬೆಳೆದ ಕಡೆ ಮೀನು ಸಾಯುವುದು ಬೆಳಗಿನ ಜಾವದಲ್ಲಿ. ಕಾಲಿಗೆ ಸುತ್ತಿಕೊಳ್ಳುವಷ್ಟು ಬೆಳೆದಿದ್ದರೆ ಕುಂಟೆಯಿಂದ ಎಳೆದು ದಂಡೆಗೆ ಹಾಕಿ ಗೊಬ್ಬರದ ಗುಂಡಿಗೆ ಸೇರಿಸಿ. ದಂಡೆಯ ಎರಡೂ ಬದಿಯ ಮರಗಳ ಕೊಂಬೆಯನ್ನು ಕಡಿಯದೆ ಬಿಡಿ. ಗೊಬ್ಬರ ಹಾಕುವಾಗ ತೋಡಿನ ಪಕ್ಕದ ಒಂದೆರಡು ಸಾಲನ್ನು ಬಿಟ್ಟು ಹಾಕಿ. ತೋಡನ್ನು ಪೂರ್ತಿ ಬತ್ತಿಸುವ ಹಾಗೆ ಪಂಪ್ ಓಡಿಸಬೇಡಿ.

ಒಂದನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕು. ಬೇಸಿಗೆಯಲ್ಲಿ ನಿಂತಂಥ ನೀರಿನ ಅಂಚಿಗೆ ಕಪ್ಪು ಹಸಿರಾದ, ತೊಗಲಿನಂತೆ ದಪ್ಪವಾದ, ಮಣ್ಣಿನ ವಾಸನೆ ಬರುವ ಹಾಸುಗಳು ತಳದಿಂದ ಕಿತ್ತು ತೇಲಿಬಂದರೆ ಅವು ನೀಲಿಹಸಿರು ಪಾಚಿಯವು. ಅವುಗಳಲ್ಲಿ ಕೆಲವು ನರಗಳಿಗೆ ತಗಲುವ ವಿಷವನ್ನು ಉಂಟುಮಾಡಬಲ್ಲವು. ನ್ಯೂಜಿಲೆಂಡಿನಲ್ಲಿ ಹೊಳೆಯಂಚಿನ ಇಂಥ ಹಾಸನ್ನು ತಿಂದು ನಾಯಿಗಳು ಸತ್ತಿವೆ. ಅಂಥ ಕಡೆ ಮಕ್ಕಳು, ನಾಯಿ, ದನಗಳನ್ನು ಬಿಡಬೇಡಿ. ಬಂಡೆಗೆ ಬಿಗಿಯಾಗಿ ಅಂಟಿ, ನೀರು ಇಳಿದಾಗ ಚಿಕ್ಕ ಹೂ ಬಿಡುವ ಪಾಚಿಯಂಥದ್ದು ಕಂಡರೆ ಅದು ಪಾಚಿಯೇ ಅಲ್ಲ, ಪೊಡೊಸ್ಟೆಮೇಸಿ ಎಂಬ ಕುಟುಂಬದ ಹೂಗಿಡ; ವೇಗವಾಗಿ ಹರಿಯುವ ನೀರಿನ ಬಂಡೆಗಳನ್ನು ಬಿಟ್ಟು ಬೇರೆಲ್ಲೂ ಬೆಳೆಯದ ಅದನ್ನು ದಯವಿಟ್ಟು ಉಜ್ಜಿ ತೆಗೆಯಬೇಡಿ.

ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಪಾಚಿಯ ಜೊತೆಗೆ ಮೀನಿನ ಕಿವಿರುಗಳನ್ನೂ ಸುಡುತ್ತದೆ. ಒಮ್ಮೆಗೇ ಸತ್ತ ಪಾಚಿ ಕೊಳೆತು ಕೆಳಗಿನ ಗುಂಡಿಗಳ ಆಮ್ಲಜನಕವನ್ನು ತಿನ್ನುತ್ತದೆ, ಅದರೊಳಗಿದ್ದ ರಂಜಕ, ಸಾರಜನಕಗಳು ನೀರಿಗೆ ಬಿಡುಗಡೆಯಾಗುತ್ತವೆ, ಮೂರು ನಾಲ್ಕು ವಾರಗಳಲ್ಲಿ ಮತ್ತೆ ಪಾಚಿ ಬರುತ್ತದೆ. ಆಗ ತಿನ್ನುವವರು ಸತ್ತಿರುವುದರಿಂದ ಮೊದಲಿಗಿಂತ ಹೆಚ್ಚು ಬರುತ್ತದೆ. ಮೈಲುತುತ್ತದ್ದು ಇನ್ನೂ ಗಂಭೀರವಾದ ವಿಷಯ. ಕ್ಲೋರಿನ್ ಆವಿಯಾಗಿ ಹೋಗುತ್ತದೆ. ತಾಮ್ರ ಎಲ್ಲಿಗೂ ಹೋಗುವುದಿಲ್ಲ, ಕೆಸರಿನಲ್ಲಿ ಕೂಡುತ್ತಾ ಹೋಗುತ್ತದೆ. ಸುಣ್ಣದಂಶ ಕಡಿಮೆಯಿರುವ ನಮ್ಮ ಮೆದು ನೀರಿನಲ್ಲಿ ಅದರ ವಿಷ ಇನ್ನೂ ತೀವ್ರ. ಕಾಳುಮೆಣಸಿನ ಸೊರಗು ರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ ಹಾಕುತ್ತೇವೆ, ಅದರಲ್ಲಿ ತಾಮ್ರವೇ ಸುಮಾರು 250 ಗ್ರಾಂ, ಅಂದರೆ ಪ್ರತಿ ಲೀಟರಿಗೆ 2.5 ಗ್ರಾಂ. ಪಾಚಿಗೆ ಪೆಟ್ಟು ಬೀಳಲು ಲೀಟರಿಗೆ ಮಿಲಿಗ್ರಾಮಿನ ನೂರರಲ್ಲಿ ಕೆಲವು ಪಾಲು ಸಾಕು. ಸುಣ್ಣ ಸೇರಿಸಿದಾಗ ತಾಮ್ರದ ಬಹುಪಾಲು ಸುಲಭವಾಗಿ ಕರಗದ ರೂಪಕ್ಕೆ ತಿರುಗುವುದು ನಿಜ. ಆದರೂ ಡ್ರಮ್ಮು, ಸ್ಪ್ರೇಯರ್‌ಗಳನ್ನು ತೋಡಿನಲ್ಲಿ ತೊಳೆಯುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಬೇಕೆಂದು ನಿಮ್ಮನ್ನೂ ನಿಮ್ಮ ನೆರೆಯವರನ್ನೂ ಕೇಳಿಕೊಳ್ಳುತ್ತೇನೆ. ತೋಟದೊಳಗೆ, ತೋಡಿನಿಂದ ದೂರ, ಗಿಡದ ಬುಡದಲ್ಲಿ ತೊಳೆಯಿರಿ.

ಅಂಗಡಿಯ ಸೂಕ್ಷ್ಮಜೀವಿ ಪುಡಿಯಿಂದ ಹರಿಯುವ ತೋಡಿಗೆ ಪ್ರಯೋಜನವಿಲ್ಲ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ನಿಮ್ಮ ತೋಡಿನ ಒಂದು ಹಿಡಿ ಜಲ್ಲಿಯಲ್ಲಿಯೇ ಕೋಟಿಗಟ್ಟಲೆ ಇದೆ, ಆ ನೀರಿಗೆ, ಆ ಚಳಿಗೆ ಹೊಂದಿಕೊಂಡೂ ಇದೆ. ಕೆಲಸ ನಿಂತಿದ್ದರೆ ಅದು ಬ್ಯಾಕ್ಟೀರಿಯಾ ಸಾಲದೆ ಅಲ್ಲ. ಆಮ್ಲಜನಕ ಸಾಲದೆ, ಅಥವಾ ಹೊರೆ ಅತಿಯಾಗಿ.

ಒರತೆಯ ತುಕ್ಕುಬಣ್ಣದ ಲೋಳೆ ಕಬ್ಬಿಣದ ಬ್ಯಾಕ್ಟೀರಿಯಾಗಳದ್ದು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಗಾಳಿಯಾಡದ ನೆಲದೊಳಗೆ ಅದು ಕರಗಿದ ರೂಪದಲ್ಲಿದ್ದು, ಒರತೆಯ ಬಾಯಿಯಲ್ಲಿ ಗಾಳಿ ತಾಗಿದಾಗ ಲೆಪ್ಟೋತ್ರಿಕ್ಸ್, ಗ್ಯಾಲಿಯೋನೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಅದರ ಉತ್ಕರ್ಷಣದಲ್ಲಿ ಪಾಲ್ಗೊಂಡು ತುಕ್ಕನ್ನು ತಮ್ಮ ಸುತ್ತ ಕಟ್ಟಿಕೊಳ್ಳುತ್ತವೆ. ಮೇಲಿನ ಎಣ್ಣೆಯಂಥ ಪದರವನ್ನು ಒಂದು ಕಡ್ಡಿಯಿಂದ ಚುಚ್ಚಿ ನೋಡಿ. ಗಾಜಿನ ಚೂರಿನಂತೆ ಒಡೆದು ಹಾಗೆಯೇ ಬೇರೆಬೇರೆಯಾಗಿ ನಿಂತರೆ ಅದು ಇವುಗಳದ್ದು. ಸುತ್ತಿ ಮತ್ತೆ ಕೂಡಿಕೊಂಡರೆ ಪಂಪಿನ ಡೀಸೆಲ್ ಸೋರುತ್ತಿದೆ ಎಂದರ್ಥ.

ತಳದ ಜೀವಿಗಳಿಂದ ನೀರಿನ ಗುಣವನ್ನು ಓದುವ ವಿದ್ಯೆ ಹಳೆಯದು. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸೊನ್ 1908–09ರಲ್ಲಿ ಯಾವ ಮಟ್ಟದ ಕೊಳೆಗೆ ಯಾವ ಜೀವಿ ಎಂಬ ಪಟ್ಟಿಯನ್ನೇ ಮಾಡಿದ್ದರು. ಅಮೆರಿಕದ ರೂತ್ ಪ್ಯಾಟ್ರಿಕ್ 1940ರ ದಶಕದ ಕೊನೆಯಿಂದ ಡಯಾಟಮ್‌ಗಳ ಆಧಾರದ ಮೇಲೆ ನದಿಗಳ ಆರೋಗ್ಯವನ್ನು ಅಳೆಯುವ ಕ್ರಮವನ್ನು ಬೆಳೆಸಿದರು. ನಮ್ಮ ರಾಜ್ಯದ ಸಾಗರ, ಜೋಗದ ಸುತ್ತಲಿನ ಡಯಾಟಮ್‌ಗಳನ್ನು ಎಚ್. ಪಿ. ಗಾಂಧಿ ಅವರು 1950ರ ದಶಕದಲ್ಲೇ ಚಿತ್ರಸಮೇತ ವಿವರಿಸಿದ್ದಾರೆ. ಇಂದು ಯುರೋಪಿನ ದೇಶಗಳು ನದಿಗಳ ಸ್ಥಿತಿಯನ್ನು ತೀರ್ಮಾನಿಸುವಾಗ ತಳದ ಪಾಚಿಯನ್ನೂ ಕಾನೂನಿನಂತೆ ಪರೀಕ್ಷಿಸುತ್ತವೆ. ನೀರಿನ ಮಾದರಿ ಆ ಒಂದು ಗಳಿಗೆಯದನ್ನು ಮಾತ್ರ ಹೇಳುತ್ತದೆ. ರಾತ್ರಿ ಬಿಟ್ಟ ಪಲ್ಪರ್ ನೀರು ಬೆಳಿಗ್ಗೆ ಬಾಟಲಿಯಲ್ಲಿ ಸಿಗುವುದಿಲ್ಲ. ಕಲ್ಲಿನ ಮೇಲಿನ ಪೊರೆ ಕಳೆದ ಕೆಲವು ವಾರಗಳಲ್ಲಿ ನಡೆದದ್ದನ್ನು ಹಿಡಿದಿಟ್ಟುಕೊಂಡಿರುತ್ತದೆ. ನಿಟ್ಸ್‌ಕಿಯ ಪೇಲಿಯದಂಥ ಡಯಾಟಮ್ ಹೆಚ್ಚಿದ್ದರೆ ಕೊಳೆ ಬಂದಿದೆ. ಮೆದುವಾದ, ತುಸು ಹುಳಿಯಾದ ಶುದ್ಧ ನೀರನ್ನು ಇಷ್ಟಪಡುವ ಯುನೋಶಿಯಾ ಜಾತಿಗಳಿದ್ದರೆ ಕಾಡಿನ ನೀರು ಇನ್ನೂ ಕಾಡಿನ ನೀರಾಗಿಯೇ ಉಳಿದಿದೆ.

ಇದನ್ನು ಸೂಕ್ಷ್ಮದರ್ಶಕವಿಲ್ಲದೆಯೂ ನೀವು ಒಂದು ಮಟ್ಟಿಗೆ ಮಾಡಬಹುದು. ನವೆಂಬರಿನ ಕೊನೆಯಲ್ಲಿ ಎರಡು ಮಂಗಳೂರು ಹೆಂಚಿನ ತುಂಡುಗಳನ್ನು, ಒಂದನ್ನು ತೋಡು ನಿಮ್ಮ ತೋಟವನ್ನು ಹೊಕ್ಕುವ ಕಡೆ, ಇನ್ನೊಂದನ್ನು ಹೊರಡುವ ಕಡೆ, ಒಂದೇ ಬಗೆಯ ನೆರಳು ಮತ್ತು ಹರಿವು ಇರುವಲ್ಲಿ ಕಲ್ಲು ಹೇರಿ ಇಡಿ. ತಿಂಗಳಾದ ಮೇಲೆ ಎತ್ತಿ ಪಕ್ಕಪಕ್ಕದಲ್ಲಿಟ್ಟು ಬಣ್ಣ ನೋಡಿ, ಉಗುರಿನಿಂದ ಗೀರಿ ದಪ್ಪ ನೋಡಿ, ಅಡಿಯಲ್ಲಿ ಸೇರಿಕೊಂಡ ಹುಳುಗಳಲ್ಲಿ ಎಷ್ಟು ಬಗೆಯಿವೆ ನೋಡಿ. ತೊಳೆದು ಮತ್ತೆ ಅಲ್ಲಿಯೇ ಇಟ್ಟು, ಪಲ್ಪಿಂಗ್ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ನೋಡಿ. ಮೇಲಿನ ಹೆಂಚು ತೆಳು ಕಂದಾಗಿದ್ದು ಕೆಳಗಿನದು ಬೂದು ಎಳೆಯಿಂದಲೋ ದಪ್ಪ ಹಸಿರಿನಿಂದಲೋ ಮುಚ್ಚಿದ್ದರೆ ಕಾರಣ ನಿಮ್ಮ ತೋಟದೊಳಗೇ ಇದೆ. ಎರಡೂ ಕೆಸರಿನಿಂದ ಮುಚ್ಚಿದ್ದರೆ ಮೇಲ್ಗಡೆ ಗುಡ್ಡ ಅಗೆದಿದ್ದಾರೆ. 2018ರ ಆಗಸ್ಟಿನ ಭೂಕುಸಿತದ ಮೇಲೆ ಕೊಡಗಿನ ಹಲವು ಹೊಳೆಗಳು ಹೊತ್ತು ತಂದ ಮಣ್ಣನ್ನು ನಾವೆಲ್ಲ ನೋಡಿದ್ದೇವೆ. ಹೂಳು ಕವಿದ ಕಲ್ಲಿಗೆ ಬೆಳಕು ತಾಗುವುದಿಲ್ಲ, ಕಲ್ಲುಗಳ ಸಂದು ತುಂಬಿ ಹುಳುಗಳಿಗೆ ಜಾಗವಿರುವುದಿಲ್ಲ. ಪ್ರವಾಹ ಉಜ್ಜಿದ ಪೊರೆ ವಾರಗಳಲ್ಲಿ ಮರಳುತ್ತದೆ. ಹೂಳು ತುಂಬಿದ ತಳ ಸರಿಯಾಗಲು ಎಷ್ಟೋ ಮಳೆಗಾಲಗಳು ಬೇಕಾಗುತ್ತವೆ.

ಕೊನೆಗೆ ನಿಮ್ಮ ಕೆರೆ. ಹೂಳು ತೆಗೆಸುವುದು ತಪ್ಪಲ್ಲ, ಪೂರ್ತಿ ತೆಗೆಸುವುದು ತಪ್ಪು. ಕೆರೆಯ ತಳದ ಕೆಸರಿನ ಮೇಲ್ಪದರದಲ್ಲಿ ಆಮ್ಲಜನಕ ಇರುವವರೆಗೆ ಅಲ್ಲಿನ ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಬೆಳಕು ತಲುಪುವ ಆಳದಲ್ಲಿ ಆ ಆಮ್ಲಜನಕವನ್ನು ಕೊಡುವುದು ತಳದ ಪಾಚಿಯೇ. ಆಮ್ಲಜನಕ ತೀರಿದರೆ ಕಬ್ಬಿಣ ಕರಗಿ ರಂಜಕ ನೀರಿಗೆ ಬಿಡುಗಡೆಯಾಗುತ್ತದೆ, ಕೆರೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಎಲೆ ಕೊಳೆತು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುವ ದಪ್ಪ ಹೂಳನ್ನು ನಡುವಿನಿಂದ ತೆಗೆಸಿ, ಜೇಡಿಮಣ್ಣಿನ ತಳವನ್ನು ಕೆರೆಯದೆ ಬಿಡಿ. ಈ ವರ್ಷ ಅರ್ಧ ಕೆರೆ, ಮುಂದಿನ ಬೇಸಿಗೆಗೆ ಉಳಿದರ್ಧ ಎಂದು ಮಾಡಿದರೆ ತೆಗೆಯದ ಭಾಗದಿಂದ ತಳದ ಜೀವಿಗಳು ತೆಗೆದ ಭಾಗಕ್ಕೆ ಹರಡಿಕೊಳ್ಳುತ್ತವೆ. ನೀರು ಒಳಬರುವ ಬಾಯಿಯಲ್ಲಿರುವ ಕೆಸುವು, ಮುಂಡುಗ, ಹುಲ್ಲನ್ನು ಜೆಸಿಬಿಗೆ ಸಿಗದ ಹಾಗೆ ಮೊದಲೇ ಹಗ್ಗ ಕಟ್ಟಿ ಗುರುತಿಸಿಡಿ. ತೆಗೆದ ಹೂಳನ್ನು ಏರಿಯ ಮೇಲೆ ಸುರಿದರೆ ಮೊದಲ ಮಳೆಗೆ ಅದು ಮತ್ತೆ ಕೆರೆಗೇ ಇಳಿಯುತ್ತದೆ. ಮೇ ತಿಂಗಳೊಳಗೆ ಗದ್ದೆಗೆ ಸಾಗಿಸಿ ಹರಡಿಸಿ.